ಭೂಪಟದ ಇನ್ನೊಂದು ತುದಿ

ಒಬ್ಬಳೇ ಮಗಳಾಗಿದ್ದರೂ ಆಕೆ "ನಮ್ಮಮ್ಮ" ಎನ್ನುತ್ತಾಳೆ. ಒಂಟಿಯಾಗಿ ಬದುಕುವವನೂ "ನಮ್ಮ ಮನೆ" ಎಂದೇ ಹೇಳುತ್ತಾನೆ. ಶಾಲೆಯ ವಿಷಯದಲ್ಲೂ ನಮ್ಮ ನಾಲಿಗೆ ಹೀಗೆಯೇ ಹೊರಳುತ್ತದೆ. "ನನ್ನ ಶಾಲೆ" ಎಂದು ಯಾರಾದರೂ ಹೇಳಿದರೆ ಅವರು ಅದನ್ನು ನಡೆಸುವವರೋ ಕೊಂಡವರೋ ಇರಬೇಕೆಂಬ ಅನುಮಾನ ಬರುತ್ತದೆ. ಅಲ್ಲಿ ಓದಿದವರಿಗೆ ಅದು "ನಮ್ಮ ಶಾಲೆ".

ಈ "ನಮ್ಮ" ಸ್ವಲ್ಪ ಕಳ್ಳ ಪದ. ತೆಲುಗಿನಲ್ಲಿ, ಕೇಳುತ್ತಿರುವವನನ್ನೂ ಸೇರಿಸಿಕೊಂಡು ಹೇಳುವಾಗ "ಮನ" ಎನ್ನಬೇಕು. ಅವನನ್ನು ಬಿಟ್ಟು ಹೇಳುವಾಗ "ಮಾ" ಎನ್ನಬೇಕು. ತಮಿಳಿನಲ್ಲೂ "ನಾಂ" ಬೇರೆ, "ನಾಂಗಳ್" ಬೇರೆ. ಇಂದಿನ ಕನ್ನಡದಲ್ಲಿ ಆ ಭೇದವಿಲ್ಲ. ಮುಖ್ಯೋಪಾಧ್ಯಾಯರು ವೇದಿಕೆಯ ಮೇಲೆ ನಿಂತು "ನಮ್ಮ ಶಾಲೆ" ಎಂದಾಗ, ಕೊನೆಯ ಸಾಲಿನಲ್ಲಿರುವ ಮಗು ಅದರೊಳಗೆ ಇದೆಯೋ ಇಲ್ಲವೋ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ. ಮಗುವೇ ಊಹಿಸಿಕೊಳ್ಳಬೇಕು. ಹಾಗೆ ಊಹಿಸುತ್ತಲೇ ನಾನು ಒಂದು ವರ್ಷದ ಹೆಚ್ಚಿನ ಭಾಗವನ್ನು ಕಳೆದಿದ್ದೇನೆ.

ಏಳನೆಯ ತರಗತಿಯ ನಡುವೆ ನನಗೆ ಶಾಲೆ ಬದಲಾಯಿತು. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಅಕ್ಷರಗಳ ಕ್ರಮದಲ್ಲಿ, ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ಇದ್ದವು. ನನ್ನ ಹೆಸರು ಕೊನೆಯಲ್ಲಿ, ಬೇರೆ ಶಾಯಿಯಲ್ಲಿ ಇತ್ತು. ಕ್ರಮದ ಪ್ರಕಾರ ನಾನು ನಡುವೆ ಎಲ್ಲೋ ಬರಬೇಕಿತ್ತು. ಮೇಷ್ಟ್ರು ಅಭ್ಯಾಸಬಲದಿಂದ ಎರಡು ಬಾರಿ ನನ್ನ ಹೆಸರಿಗಿಂತ ಮೊದಲೇ ಪುಸ್ತಕ ಮುಚ್ಚಿದರು. ಮೊದಲ ಬಾರಿ ಎದ್ದು ನಿಂತು ಹೇಳಿದೆ. ಎರಡನೆಯ ಬಾರಿ ಹೇಳಲಿಲ್ಲ. ಹಾಗಾಗಿ ದಾಖಲೆಯ ಪ್ರಕಾರ ಆ ದಿನ ನಾನು ಶಾಲೆಗೆ ಬಂದಿಲ್ಲ. ಬೆಂಚಿನ ಮೇಲೆ ಕುಳಿತೇ ಗೈರುಹಾಜರಾಗುವುದು ಹೇಗಿರುತ್ತದೆ ಎಂಬುದು ನನಗೆ ಅಂದೇ ತಿಳಿಯಿತು.

ಆ ದಿನಗಳಲ್ಲಿ ನನ್ನ ಪ್ರತಿ ಮಾತೂ "ನಮ್ಮ ಹಳೆಯ ಶಾಲೆಯಲ್ಲಿ" ಎಂದು ಶುರುವಾಗುತ್ತಿತ್ತು. ಅಲ್ಲಿಯ ಗ್ರಂಥಾಲಯ ದೊಡ್ಡದು, ಅಲ್ಲಿಯ ಮೈದಾನ ಸಮತಟ್ಟು, ಅಲ್ಲಿ ಗಣಿತವನ್ನು ಹೀಗೆ ಹೇಳಿಕೊಡುವುದಿಲ್ಲ. ಈಗ ಯೋಚಿಸಿದರೆ ಹಳೆಯ ಶಾಲೆಯ ಮೈದಾನವೂ ಅಂಥ ಸಮತಟ್ಟೇನೂ ಆಗಿರಲಿಲ್ಲ. ಸಹಪಾಠಿಗಳು ಸಹಜವಾಗಿಯೇ ನನಗೆ "ಹಳೇ ಶಾಲೆ" ಎಂಬ ಅಡ್ಡಹೆಸರು ಇಟ್ಟರು. ಅವರೊಂದಿಗೆ ಮಾತನಾಡುವಾಗ ನಾನು "ನಿಮ್ಮ ಶಾಲೆ" ಎನ್ನುತ್ತಿದ್ದೆ. ಯಾರೂ ತಿದ್ದಲಿಲ್ಲ.

ಆ ವರ್ಷ ಶಾಲೆಯ ತಂಡ ಅಂತರಶಾಲಾ ಪಂದ್ಯವನ್ನು ಗೆದ್ದು ಫಲಕ ತಂದಿತು. ಎಲ್ಲರನ್ನೂ ಮೈದಾನದಲ್ಲಿ ನಿಲ್ಲಿಸಿದರು. ದೊಡ್ಡ ತರಗತಿಯ ಹುಡುಗರು ಫಲಕವನ್ನು ತಲೆಯ ಮೇಲೆ ಹೊತ್ತು ಸುತ್ತು ಹಾಕಿದರು. ಕೂಗಿದವರಲ್ಲಿ ಗಂಟಲು ಕಟ್ಟಿಹೋದದ್ದು ಬಹುಶಃ ನನಗೊಬ್ಬರಿಗೇ ಇರಬೇಕು. ಆ ತಂಡದಲ್ಲಿ ನನಗೆ ಪರಿಚಯವಿದ್ದವರು ಒಬ್ಬರೂ ಇರಲಿಲ್ಲ. ಆಟದ ನಿಯಮವೂ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಆ ಸಂಜೆ ಮನೆಗೆ ಹೋಗಿ "ಇವತ್ತು ನಾವು ಗೆದ್ದೆವು" ಎಂದೆ. ಮರುದಿನ ಬೆಳಿಗ್ಗೆ ಮತ್ತೆ "ನಿಮ್ಮ ಶಾಲೆ"ಯೇ.

ಇದು ನನ್ನೊಬ್ಬರ ವಿಚಿತ್ರ ಗುಣವಲ್ಲ ಎಂಬುದು ಬಹಳ ವರ್ಷಗಳ ನಂತರ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದಾಗ ತಿಳಿಯಿತು. ಅವರು ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ಒಂದು ಸರಳವಾದ ಲೆಕ್ಕ ಮಾಡಿದರು. ವಾರಾಂತ್ಯದಲ್ಲಿ ಫುಟ್‌ಬಾಲ್ ಪಂದ್ಯ. ಸೋಮವಾರ ತರಗತಿಯಲ್ಲಿ ಎಷ್ಟು ವಿದ್ಯಾರ್ಥಿಗಳು ಸಂಸ್ಥೆಯ ಹೆಸರೋ ಲಾಂಛನವೋ ಇರುವ ಉಡುಪು ತೊಟ್ಟು ಬಂದಿದ್ದಾರೆ ಎಂದು ಎಣಿಸುವುದು. ತಂಡ ಗೆದ್ದಿದ್ದರೆ ಎಣಿಕೆ ಹೆಚ್ಚುತ್ತಿತ್ತು. ಮುಂದಿನ ಹಂತದಲ್ಲಿ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಸಣ್ಣ ಪರೀಕ್ಷೆಯೊಂದನ್ನು ಕೊಟ್ಟರು. ಕೆಲವರಿಗೆ ನೀವು ಚೆನ್ನಾಗಿ ಮಾಡಿದಿರಿ ಎಂದರು, ಕೆಲವರಿಗೆ ಕಳಪೆ ಎಂದರು. ಆಮೇಲೆ ಪಂದ್ಯದ ಬಗ್ಗೆ ಕೇಳಿದರು. ಗೆದ್ದ ಪಂದ್ಯವನ್ನು "ನಾವು" ಎಂದು ಹೇಳುವುದು, ಸೋತದ್ದನ್ನು "ಅವರು" ಎಂದು ಹೇಳುವುದು, ಕಳಪೆ ಎನಿಸಿಕೊಂಡವರಲ್ಲೇ ಹೆಚ್ಚು ಎದ್ದು ಕಾಣುತ್ತಿತ್ತು. ತನ್ನ ಮಾನಕ್ಕೆ ಪೆಟ್ಟು ಬಿದ್ದವನು ಊರಿಗೆಲ್ಲ ಸೇರಿದ ಫಲಕವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತಾನೆ. ನನ್ನ ಗಂಟಲು ಏಕೆ ಕಟ್ಟಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ.

ಅಂದರೆ ಹೆಮ್ಮೆ ಕಂಡಲ್ಲೆಲ್ಲ ಸೇರಿದವರೆಂಬ ಭಾವ ಇರುತ್ತದೆ ಎಂದು ನಂಬಬೇಕಾಗಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ನಮಗಿದೆ. ವಾರ್ಷಿಕೋತ್ಸವದ ಭಾಷಣಗಳಂತೂ ಬೇರೆ ಮಾಡಿ ಹೇಳುವುದೇ ಇಲ್ಲ. ಹೆಮ್ಮೆ ಸಾಲವಾಗಿ ಸಿಗುತ್ತದೆ. ಫಲಕ ಹೊತ್ತವರು ಎದುರಿಗೆ ಹಾದುಹೋದರೆ ಸಾಕು. ಇನ್ನೊಂದು ಹಾಗೆ ಸಿಗುವುದಿಲ್ಲ.

ನನಗೆ ಅದು ಸಿಕ್ಕಿದ್ದು ಭೂಪಟಗಳ ಕೋಣೆಯಲ್ಲಿ.

ಕೋಣೆ ಎಂದರೆ ಮೆಟ್ಟಿಲ ಕೆಳಗಿನ ಇಳಿಜಾರು ಜಾಗ. ಬಟ್ಟೆಗೆ ಅಂಟಿಸಿದ, ಮೇಲೂ ಕೆಳಗೂ ಮರದ ಕೋಲು ಜೋಡಿಸಿದ ದೊಡ್ಡ ಭೂಪಟಗಳನ್ನು ಸುರುಳಿ ಸುತ್ತಿ ಅಲ್ಲಿ ನಿಲ್ಲಿಸಿದ್ದರು. ಹೊರಗಿನಿಂದ ನೋಡಿದರೆ ಎಲ್ಲ ಸುರುಳಿಗಳೂ ಒಂದೇ. ಸಮಾಜ ಪಾಠದ ಮೇಷ್ಟ್ರು ಪ್ರತಿ ಸಲವೂ ಯಾರನ್ನಾದರೂ ಕಳುಹಿಸುವರು, ಆಫ್ರಿಕಾ ಕೇಳಿದರೆ ಹೋದವರು ಮಳೆ ಮಾರುತಗಳ ಭೂಪಟ ತರುವರು. ಒಂದು ದಿನ ನನ್ನನ್ನು ಕಳುಹಿಸಿದರು. ನಾನೂ ತಪ್ಪು ಭೂಪಟವನ್ನೇ ತಂದೆ. ಮುಜುಗರವಾಗಿ, ಆ ಸಂಜೆ ಗಂಟೆ ಹೊಡೆದ ಮೇಲೆ ಕುಳಿತು ಎಲ್ಲವನ್ನೂ ಬಿಚ್ಚಿ, ಪ್ರತಿ ಕೋಲಿನ ತುದಿಗೆ ಚೀಟಿ ಅಂಟಿಸಿದೆ. ಜಗತ್ತಿನ ಭೂಪಟ ಪೆಸಿಫಿಕ್ ಸಾಗರದ ನಡುವೆ ಹರಿದಿತ್ತು. ಅದನ್ನು ಒಬ್ಬರೇ ಹರಡಿ ಅಂಟಿಸುವುದು ಸಾಧ್ಯವಿರಲಿಲ್ಲ, ಬಿಟ್ಟ ತುದಿ ತಾನಾಗಿ ಸುರುಳಿಕೊಳ್ಳುತ್ತಿತ್ತು. ನನ್ನ ಬೆಂಚಿನ ಹಿಂದಿನ ಬೆಂಚಿನವನು ಯಾಕೋ ಇನ್ನೂ ಮನೆಗೆ ಹೋಗಿರಲಿಲ್ಲ. ಬಂದು ಇನ್ನೊಂದು ತುದಿ ಹಿಡಿದ. ಅಂಟು ಒಣಗುವವರೆಗೆ ಇಬ್ಬರೂ ಸಾಗರದ ಎರಡು ದಡಗಳಲ್ಲಿ ಕುಳಿತಿದ್ದೆವು. ಹೆಚ್ಚು ಮಾತನಾಡಿದ ನೆನಪಿಲ್ಲ.

ಮೇಷ್ಟ್ರು ಚೀಟಿಗಳನ್ನು ನೋಡಿದರು, ಏನೂ ಹೊಗಳಲಿಲ್ಲ. ಕೋಣೆಯ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ಭೂಪಟ ತರುವುದು ನನ್ನ ಕೆಲಸವಾಯಿತು, ಇನ್ನೊಂದು ತುದಿ ಹಿಡಿದು ಗೋಡೆಗೆ ತೂಗುಹಾಕುವುದು ಅವನ ಕೆಲಸ. ಯಾರೂ ನೇಮಿಸಿದ್ದಲ್ಲ, ಹಾಗೆ ಆಗಿಹೋಯಿತು.

ಕೆಲವು ವಾರಗಳ ನಂತರ ನನಗೆ ಜ್ವರ ಬಂದು ಮೂರು ದಿನ ಶಾಲೆ ತಪ್ಪಿತು. ಮರಳಿ ಬಂದಾಗ ಮುಂದಿನ ಬೆಂಚಿನ ಹುಡುಗಿ ತಿರುಗಿ, "ಎಲ್ಲಿ ಹೋಗಿದ್ದೆ? ಕೀಲಿಕೈ ನಿನ್ನ ಹತ್ತಿರ, ಎರಡು ಪಾಠ ಭೂಪಟವಿಲ್ಲದೆ ಹಾಗೇ ನಡೆಯಿತು" ಎಂದು ಗದರಿದಳು. ಅದು ದೂರು. ಅಕ್ಕರೆಯ ಲವಲೇಶವೂ ಅದರಲ್ಲಿ ಇರಲಿಲ್ಲ. ಆದರೆ ನನಗೆ ಆದ ಸಂತೋಷವನ್ನು ಮುಚ್ಚಿಡಲು ಪುಸ್ತಕದೊಳಗೆ ಮುಖ ಹುದುಗಿಸಬೇಕಾಯಿತು. ಬಂದರೂ ಗೈರುಹಾಜರಾಗಿದ್ದ ದಿನ ಒಂದಿತ್ತು, ಈಗ ನಾನು ಬಾರದಿದ್ದರೆ ಎರಡು ಪಾಠಗಳಿಗೆ ಗೊತ್ತಾಗುತ್ತಿತ್ತು. ಆ ತಿಂಗಳು ಯಾರೋ ಅತಿಥಿ ಬಂದು ದಾರಿ ಕೇಳಿದಾಗ "ನಮ್ಮ ಶಾಲೆಯ ಕಚೇರಿ ಆ ಕಡೆ" ಎಂದೆ. ಹೇಳಿಯಾದ ಮೇಲೆ ಕಿವಿಗೆ ಬಿತ್ತು.

ಇದನ್ನು ಭಾವುಕತೆ ಎಂದು ತಳ್ಳಿಹಾಕುವವರಿಗೆ ಅಮೆರಿಕದ ಕಾನ್ಸಾಸ್ ರಾಜ್ಯದ ಲೆಕ್ಕವನ್ನು ತೋರಿಸಬಹುದು. ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿಯ ಪ್ರೌಢಶಾಲೆಗಳನ್ನು ಅಧ್ಯಯನ ಮಾಡಿ 1964ರಲ್ಲಿ ಪ್ರಕಟಿಸಿದರು. ಹತ್ತಾರು ಮಕ್ಕಳಷ್ಟೇ ಇದ್ದ ಶಾಲೆಗಳಿಂದ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದ ಶಾಲೆಗಳವರೆಗೆ ನೋಡಿದರು. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳ ಪಟ್ಟಿ ಉದ್ದವಿತ್ತು, ನಿಜ. ಆದರೆ ಮಕ್ಕಳ ಸಂಖ್ಯೆ ಬೆಳೆದಷ್ಟು ಆ ಪಟ್ಟಿ ಬೆಳೆದಿರಲಿಲ್ಲ. ನಾಟಕಕ್ಕೆ ಎಲ್ಲ ಕಡೆಯೂ ಅಷ್ಟೇ ಪಾತ್ರಗಳು ಬೇಕು, ತಂಡಕ್ಕೆ ಎಲ್ಲ ಕಡೆಯೂ ಅಷ್ಟೇ ಆಟಗಾರರು. ಸಣ್ಣ ಶಾಲೆಯಲ್ಲಿ ಜನ ಸಾಲದೆ, ಹಾಡಲು ಬಾರದವನನ್ನೂ ಪರದೆ ಎಳೆಯಲಾದರೂ ಕರೆಯಲೇಬೇಕು. ಹೀಗಾಗಿ ಅಲ್ಲಿಯ ಮಕ್ಕಳು ಹೆಚ್ಚು ಬಗೆಯ ಕೆಲಸಗಳಲ್ಲಿ ತೊಡಗಿದ್ದರು, ಜವಾಬ್ದಾರಿಯ ಜಾಗಗಳಲ್ಲಿ ಹೆಚ್ಚು ಇದ್ದರು. ನನಗೆ ಹೆಚ್ಚು ಮುಖ್ಯವೆನಿಸಿದ್ದು ಇನ್ನೊಂದು ಅಂಶ. ಓದಿನಲ್ಲಿ ಹಿಂದುಳಿದ, ಅಂಚಿನಲ್ಲಿರುವ ಮಕ್ಕಳಿಗೆ ಸಣ್ಣ ಶಾಲೆಯಲ್ಲಿ "ನಾನು ಹೋಗಲೇಬೇಕು, ನನಗಾಗಿ ಕಾಯುತ್ತಾರೆ" ಎಂಬ ಒತ್ತಡ ಇತರರಷ್ಟೇ ಇತ್ತು. ದೊಡ್ಡ ಶಾಲೆಯ ಅಂಥ ಮಕ್ಕಳಿಗೆ ಅದು ಇರಲೇ ಇಲ್ಲ ಎನ್ನುವಷ್ಟು ಕಡಿಮೆ. ಅವರು ಇದ್ದರೂ ಆಗುತ್ತಿತ್ತು, ಇಲ್ಲದಿದ್ದರೂ ಆಗುತ್ತಿತ್ತು.

ಎಲ್ಲ ಶಾಲೆಗಳನ್ನೂ ಕಿರಿದುಗೊಳಿಸಿ ಎಂದು ನಾನು ಹೇಳುತ್ತಿಲ್ಲ, ಅದು ಆಗದ ಮಾತು. ಆದರೆ ಮೆಟ್ಟಿಲ ಕೆಳಗಿನ ಕೋಣೆಗಳು ಎಲ್ಲ ಶಾಲೆಯಲ್ಲೂ ಇರುತ್ತವೆ. ಅವುಗಳ ಕೀಲಿಕೈಗಳು ಸಾಮಾನ್ಯವಾಗಿ ಮೊದಲ ಬೆಂಚಿನ ಐದಾರು ಮಕ್ಕಳ ಕೈಯಲ್ಲೇ ತಿರುಗುತ್ತಿರುತ್ತವೆ.

ಕ್ಯಾರಲ್ ಗುಡೆನೊ ಎಂಬ ಸಂಶೋಧಕಿ 1993ರಲ್ಲಿ, ಮಗುವಿಗೆ ಶಾಲೆ ತನ್ನದೆನಿಸುತ್ತದೆಯೇ ಎಂದು ಅಳೆಯಲು 18 ಹೇಳಿಕೆಗಳ ಒಂದು ಪಟ್ಟಿ ಮಾಡಿದರು. ಇಂದಿಗೂ ಅದು ಬಳಕೆಯಲ್ಲಿದೆ. ಈ ಶಾಲೆಗೆ ಸೇರಿರುವುದು ಹೆಮ್ಮೆ ಎಂಬ ಹೇಳಿಕೆ ಅದರಲ್ಲಿ ಇದೆ, ಆದರೆ 18ರಲ್ಲಿ ಒಂದಾಗಿ ಮಾತ್ರ, ಅದೂ ಪಟ್ಟಿಯ ಕೊನೆಯ ಹೊತ್ತಿಗೆ. ಉಳಿದವು ಬೇರೆಯದೇ ದಿಕ್ಕಿನವು. ನಾನು ಏನನ್ನಾದರೂ ಚೆನ್ನಾಗಿ ಮಾಡಿದರೆ ಇಲ್ಲಿಯವರ ಕಣ್ಣಿಗೆ ಬೀಳುತ್ತದೆಯೇ, ನನ್ನ ಅಭಿಪ್ರಾಯಕ್ಕೆ ಬೆಲೆಯಿದೆಯೇ, ತೊಂದರೆ ಬಂದರೆ ಹೇಳಿಕೊಳ್ಳಬಹುದಾದ ಒಬ್ಬ ದೊಡ್ಡವರಾದರೂ ಇದ್ದಾರೆಯೇ, ಇಲ್ಲಿ ನಾನು ನಾನಾಗಿಯೇ ಇರಬಹುದೇ. ಆ ಪಟ್ಟಿಯನ್ನು ಓದುತ್ತಾ ನಾನು ಏಳನೆಯ ತರಗತಿಯ ನನಗೆ ಅಂಕ ಕೊಡುತ್ತಾ ಹೋದೆ. ದೊಡ್ಡವರೊಬ್ಬರ ಪ್ರಶ್ನೆಗೆ ಬಂದಾಗ ನಿಲ್ಲಿಸಿದೆ. ಅದಕ್ಕೆ ಕಾರಣ ನಾನಲ್ಲ, ಭೂಪಟದ ಇನ್ನೊಂದು ತುದಿ ಹಿಡಿದವನು.

ಅದನ್ನು ಹೇಳುವ ಮುನ್ನ ಹೌಸ್‌ಗಳ ಸಂಗತಿ. ಎಂಟನೆಯ ತರಗತಿಗೆ ಬಂದಾಗ ನಮ್ಮನ್ನು ನಾಲ್ಕು ಬಣ್ಣಗಳಾಗಿ ಹಂಚಿದರು. ಹಸಿರಿನಲ್ಲಿ ಒಬ್ಬರು ಕಡಿಮೆ ಇದ್ದರೆಂದು ನಾನು ಹಸಿರಾದೆ. ಒಂದು ವಾರ ಕಳೆಯುವುದರೊಳಗೆ ನೀಲಿಯವರು ಮೋಸಗಾರರು ಎಂಬುದು ನನಗೆ ಹುಟ್ಟಿನಿಂದಲೇ ತಿಳಿದಿದ್ದ ಸತ್ಯದಂತೆ ಅನ್ನಿಸತೊಡಗಿತು. ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ 1970ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನಾಲ್ಕು, ಹದಿನೈದು ವಯಸ್ಸಿನ ಶಾಲಾ ಹುಡುಗರ ಮೇಲೆ ನಡೆಸಿದ ಪ್ರಯೋಗ ಇದನ್ನೇ ಹಿಡಿದಿತ್ತು. ಪರದೆಯ ಮೇಲಿನ ಚುಕ್ಕೆಗಳನ್ನು ಅಂದಾಜು ಮಾಡಿಸಿ, ನೀವು ಹೆಚ್ಚು ಎಣಿಸುವವರ ಗುಂಪು, ನೀವು ಕಡಿಮೆ ಎಣಿಸುವವರ ಗುಂಪು ಎಂದು ಹೇಳಿದರು. ಹಂಚಿಕೆ ನಿಜಕ್ಕೂ ಮನಬಂದಂತೆ ಮಾಡಿದ್ದು. ತಮ್ಮ ಗುಂಪಿನಲ್ಲಿ ಯಾರಿದ್ದಾರೆಂಬುದೂ ಹುಡುಗರಿಗೆ ತಿಳಿದಿರಲಿಲ್ಲ. ಆದರೂ ಇತರರಿಗೆ ಚಿಲ್ಲರೆ ಹಣ ಹಂಚಲು ಕೊಟ್ಟಾಗ ತಮ್ಮ ಕಡೆಗೆ ಹೆಚ್ಚು ಹಾಕಿದರು. ಮುಂದಿನ ಪ್ರಯೋಗದಲ್ಲಿ, ಎದುರು ಗುಂಪಿಗಿಂತ ತಮ್ಮವರು ಮುಂದಿರಬೇಕೆಂದು ತಮ್ಮವರಿಗೆ ಸಿಗಬಹುದಾಗಿದ್ದ ಹಣದಲ್ಲೇ ಸ್ವಲ್ಪ ಬಿಟ್ಟುಕೊಡಲೂ ಸಿದ್ಧರಾದರು.

ಇದಕ್ಕಿಂತ ಮೊದಲೇ, 1954ರಲ್ಲಿ, ಮನಶ್ಶಾಸ್ತ್ರಜ್ಞ ಮುಜಾಫರ್ ಷೆರಿಫ್ ಮತ್ತು ಸಂಗಡಿಗರು ಅಮೆರಿಕದ ಒಕ್ಲಹೋಮ ರಾಜ್ಯದ ರಾಬರ್ಸ್ ಕೇವ್ ಎಂಬಲ್ಲಿ ಹನ್ನೊಂದರ ಆಸುಪಾಸಿನ 22 ಹುಡುಗರನ್ನು ಬೇಸಿಗೆ ಶಿಬಿರಕ್ಕೆ ಕರೆದೊಯ್ದು ಎರಡು ತಂಡ ಮಾಡಿದ್ದರು. ಪಂದ್ಯಗಳು ಶುರುವಾದದ್ದೇ ತಡ, ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು, ಬಿಡಾರಗಳಿಗೆ ನುಗ್ಗಿದರು. ಒಟ್ಟಿಗೆ ಕೂರಿಸಿ ಊಟ ಹಾಕಿದರೂ, ಸಿನಿಮಾ ತೋರಿಸಿದರೂ ಜಗಳ ನಿಲ್ಲಲಿಲ್ಲ. ನೀರಿನ ಸರಬರಾಜು ನಿಂತಾಗ ಒಟ್ಟಿಗೆ ಹುಡುಕಿದರು. ಕೆಟ್ಟು ನಿಂತ ಲಾರಿಯನ್ನು ಹಗ್ಗ ಕಟ್ಟಿ ಎರಡೂ ತಂಡದವರು ಒಂದೇ ಕಡೆಗೆ ಎಳೆದರು. ಅದು ಕೆಲವೇ ದಿನಗಳ ಹಿಂದೆ ಹಗ್ಗಜಗ್ಗಾಟದಲ್ಲಿ ಎರಡು ಕಡೆಗೆ ಎಳೆದಿದ್ದ ಅದೇ ಹಗ್ಗ. ಪ್ರಯೋಗದ ನೀತಿ, ರೀತಿಗಳ ಬಗ್ಗೆ ಆಮೇಲೆ ಸಾಕಷ್ಟು ಟೀಕೆಗಳು ಬಂದಿವೆ, ಬರಬೇಕಾದದ್ದೇ. ಹಗ್ಗ ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ.

ಇನ್ನು ಅವನ ಸಂಗತಿ. ಹೆಸರು ಬೇಡ. ಅವನು ಮೆಲುದನಿಯವನು, ಮಾತು ತುಸು ತೊದಲುತ್ತಿತ್ತು. ಫಲಕ ಹೊತ್ತು ಸುತ್ತು ಹಾಕಿದ್ದ ದೊಡ್ಡ ಹುಡುಗರಲ್ಲಿ ಮೂವರು ಅವನ ಬೆನ್ನು ಬಿದ್ದಿದ್ದರು. ಅವನಂತೆಯೇ ತೊದಲಿ ಮಾತನಾಡಿಸುವುದು, ಚೀಲ ಅಡಗಿಸುವುದು. ಒಂದು ದಿನ ಅವರಲ್ಲೊಬ್ಬ ನನ್ನ ಬಳಿ ಬಂದು ಭೂಪಟದ ಕೋಣೆಯ ಕೀಲಿಕೈ ಕೇಳಿದ. ಫಲಕ ಗೆದ್ದವನು ನನ್ನನ್ನು ಹೆಸರು ಹಿಡಿದು ಕರೆದಿದ್ದ. ಏಕೆ ಎಂದು ನಾನು ಕೇಳಲಿಲ್ಲ. ಕೊಟ್ಟೆ.

ಕೊನೆಯ ಗಂಟೆ ಹೊಡೆದ ಮೇಲೆ ಒಂದು ಗಂಟೆ ಹೊತ್ತು ಅವನನ್ನು ಆ ಕೋಣೆಯಲ್ಲಿ ಕೂಡಿಹಾಕಿದ್ದರು. ಕಾವಲುಗಾರ ಸದ್ದು ಕೇಳಿ ಬಿಡಿಸಿದನಂತೆ. ಮರುದಿನ ತರಗತಿಗೆ ಬಂದ ಹಿರಿಯರೊಬ್ಬರು, ಹುಡುಗಾಟಿಕೆಯಲ್ಲಿ ಏನೋ ನಡೆದಿದೆ, ಅದನ್ನು ಹೊರಗೆ ಮಾತನಾಡಿಕೊಂಡು ತಿರುಗಬೇಡಿ, ನಮ್ಮ ಶಾಲೆಯ ಮಾನದ ಪ್ರಶ್ನೆ ಎಂದರು. ಈ ಬಾರಿ ಆ "ನಮ್ಮ" ಯಾರನ್ನು ಒಳಗೊಂಡಿದೆ ಎಂದು ಊಹಿಸುವ ಕಷ್ಟ ನನಗೆ ಇರಲಿಲ್ಲ. ನಾನು ಒಳಗಿದ್ದೆ. ಯಾರು ಹೊರಗಿದ್ದಾನೆಂಬುದೂ ಕಾಣುತ್ತಿತ್ತು. ಅವನ ಬೆಂಚು ನನ್ನ ಹಿಂದೆಯೇ ಖಾಲಿಯಿತ್ತು. ಕೀಲಿಕೈ ಯಾರು ಕೊಟ್ಟರೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತಿಂಗಳು ಕಳೆಯುವುದರೊಳಗೆ ಅವನು ಶಾಲೆ ಬಿಟ್ಟ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಅಳತೆಪಟ್ಟಿ ಇಟ್ಟು ನೇರವಾದ ಕೆಂಪು ಗೆರೆ ಎಳೆದಿದ್ದರು.

ಹೊಸಬರಿಗೆ ಬಹಳ ಬೇಗ "ನಮ್ಮ" ಎನ್ನುವುದನ್ನು ಕಲಿಸಬೇಕು ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಹಿಂಜರಿಕೆಯಾಗುವುದು ಇದಕ್ಕೇ. ಹೊರಗಿದ್ದವರು ಒಳಗೆ ಬಂದ ಹೊಸದರಲ್ಲಿ ಬಾಗಿಲು ಕಾಯುವುದರಲ್ಲಿ ಎಲ್ಲರಿಗಿಂತ ನಿಷ್ಠರಾಗಿರುತ್ತಾರೆ. ಒಂದು ವರ್ಷ ಕಾದು ಪಡೆದದ್ದನ್ನು ಒಂದು ನಿಜ ಹೇಳಿ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಇದು ವಿವರಣೆ ಅಷ್ಟೇ, ಇದನ್ನು ಸಮರ್ಥನೆ ಎಂದು ಯಾರೂ ತಿಳಿಯಬಾರದು.

ಇದಕ್ಕೆ ವಿರುದ್ಧವಾದ ಒಂದು ದಾರಿಯನ್ನು ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೊಹೆನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2011ರಲ್ಲಿ ವರದಿ ಮಾಡಿದರು. ಕಾಲೇಜಿನ ಮೊದಲ ವರ್ಷದವರಿಗೆ ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಓದಿಸಿದರು: ನನಗೂ ಮೊದಲು ಇದು ನನ್ನ ಜಾಗವಲ್ಲ ಎನಿಸಿತ್ತು, ಎಲ್ಲರಿಗೂ ಹಾಗೆ ಅನಿಸುತ್ತದೆ, ಕಾಲ ಕಳೆದಂತೆ ಸರಿಹೋಗುತ್ತದೆ ಎಂಬ ಬಗೆಯವು. ಆಮೇಲೆ ಅವರಿಂದಲೇ, ಮುಂದೆ ಬರುವವರಿಗಾಗಿ ಎಂದು ಹೇಳಿ, ಅಂಥದೇ ಒಂದು ಬರಹ ಬರೆಸಿದರು. ಇಷ್ಟಕ್ಕೆ ಹಿಡಿದದ್ದು ಒಂದು ಗಂಟೆಯ ಆಸುಪಾಸು. ಮುಂದಿನ ಮೂರು ವರ್ಷಗಳಲ್ಲಿ ಕಪ್ಪು ವರ್ಣೀಯ ವಿದ್ಯಾರ್ಥಿಗಳ ಅಂಕಗಳು ಏರಿ, ಬಿಳಿಯ ಸಹಪಾಠಿಗಳೊಂದಿಗಿನ ಅಂತರ ಅರ್ಧದಷ್ಟು ಇಳಿಯಿತು. ಅಲ್ಲಿ ಯಾರೂ ಸಂಸ್ಥೆಯ ಹಿರಿಮೆಯನ್ನು ಬಣ್ಣಿಸಲಿಲ್ಲ. ಅನುಮಾನವನ್ನು ಗಟ್ಟಿಯಾಗಿ ಹೇಳಿಕೊಂಡರು, ಅಷ್ಟೇ. ನನ್ನ ತರಗತಿಯಲ್ಲಿ ಹಾಗೆ ಹೇಳಿಕೊಂಡಿದ್ದರೆ ಮುಂದಿನ ಬೆಂಚಿನ ಹುಡುಗಿಗೂ, ಪ್ರಾಯಶಃ ಆ ಮೂವರಲ್ಲೊಬ್ಬನಿಗೂ, ಹೇಳಲು ಏನಾದರೂ ಇರುತ್ತಿತ್ತೇನೋ.

ಅವನನ್ನು ಮತ್ತೆ ಕಂಡದ್ದು ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳ ನಂತರ, ಬಸ್ ನಿಲ್ದಾಣದಲ್ಲಿ. ಅವನೇ ಗುರುತು ಹಿಡಿದ. ತೊದಲು ಇನ್ನೂ ಇತ್ತು, ಆದರೆ ಈಗ ಅವನಿಗೆ ಅದರ ಪರಿವೆ ಇದ್ದಂತೆ ಕಾಣಲಿಲ್ಲ. ಕೆಲಸ, ಮನೆ, ಮಕ್ಕಳು ಎಂದು ಮಾತು ಹರಿಯಿತು. ನಡುವೆ ಅವನು ಕೇಳಿದ, "ನಿಮ್ಮ ಶಾಲೆ ಈಗ ಹೇಗಿದೆ?"

ಅಲ್ಲಿಯವರೆಗೂ ಅವನು ನನ್ನನ್ನು ಏಕವಚನದಲ್ಲೇ ಮಾತನಾಡಿಸುತ್ತಿದ್ದ. ಆದ್ದರಿಂದ ಆ "ನಿಮ್ಮ" ಮರ್ಯಾದೆಯ ಬಹುವಚನವಾಗಿರಲಿಲ್ಲ.

"ಆ ಕಡೆಗೆ ಹೋಗಿ ಬಹಳ ವರ್ಷವಾಯಿತು" ಎಂದೆ. ನಂತರ, ಬಸ್ಸು ಬಂದುಬಿಟ್ಟರೆ ಎಂಬ ಆತುರದಲ್ಲಿ, "ಆವತ್ತು ಕೀಲಿಕೈ ಕೊಟ್ಟದ್ದು ನಾನು" ಎಂದೆ.

"ಗೊತ್ತಿತ್ತು. ಇನ್ಯಾರ ಹತ್ತಿರ ಇತ್ತು ಅದು?" ಎಂದ. ದನಿ ಏರಲಿಲ್ಲ, ಇಳಿಯಲೂ ಇಲ್ಲ. ಸ್ವಲ್ಪ ಹೊತ್ತು ಇಬ್ಬರೂ ಬಸ್ಸುಗಳ ಫಲಕ ಓದುತ್ತಾ ನಿಂತೆವು.

"ಆ ಪೆಸಿಫಿಕ್ ಅಂಟಿಸಿದ್ದು ನಿಂತಿತೇ?" ಎಂದು ಕೇಳಿದ.

ನಾನು ಹತ್ತನೆಯ ತರಗತಿ ಮುಗಿಸುವವರೆಗೂ ನಿಂತಿತ್ತು ಎಂದೆ. ತೂಗುಹಾಕುವಾಗ ಇನ್ನೊಂದು ತುದಿಗೆ ಪ್ರತಿ ಸಲ ಬೇರೆ ಬೇರೆಯವರನ್ನು ಕರೆಯಬೇಕಾಗುತ್ತಿತ್ತು, ಅವರು ಬೇಗ ಬಿಟ್ಟುಬಿಡುತ್ತಿದ್ದರು ಎಂದೂ ಹೇಳಿದೆ. ಅವನು ತಲೆಯಾಡಿಸಿ, ಕೆಳಗಿಟ್ಟಿದ್ದ ಚೀಲವನ್ನು ಹೆಗಲಿಗೆ ಏರಿಸಿಕೊಂಡ.